ಸೊಳ್ಳೆಪರದೆಯೊಳಗಿನ ಈರುಳ್ಳಿ ಹೂವು

ಪ್ರಶಸ್ತಿಯ ಪತ್ರ ಬಂದಾಗ ನಾನು ಹಿತ್ತಲಿನಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದೆ. ಅಂಚೆಯವರು ಗೇಟಿನಾಚೆಯಿಂದಲೇ, "ಅಮ್ಮಾ, ಸಹಿ ಬೇಕು" ಎಂದರು. ಒದ್ದೆ ಕೈಯಲ್ಲೇ ಸಹಿ ಹಾಕಿ, ಒಳಗೆ ಬಂದು ಕನ್ನಡಕ ಹುಡುಕಿ, ಊಟದ ಮೇಜಿನ ಮುಂದೆ ಕುಳಿತು ಓದಿದೆ. ಕೃಷಿ ಪತ್ರಕರ್ತರ ಸಂಘದವರು ಆ ವರ್ಷದಿಂದ ಹೊಸದಾಗಿ ಒಂದು ಗೌರವ ಕೊಡಲು ತೀರ್ಮಾನಿಸಿದ್ದರು. ಕೃಷಿ ಬರವಣಿಗೆಗೂ ಗ್ರಾಮೀಣ ಛಾಯಾಗ್ರಹಣಕ್ಕೂ ಸೇರಿ ಒಂದೇ ಪ್ರಶಸ್ತಿ; ಜೋಡಿಯಾಗಿ ದುಡಿದ ಇಬ್ಬರಿಗೆ. ಮೊದಲ ಜೋಡಿ ನಾನು ಮತ್ತು ಒಂದ್ನಿಮಿಷ.

ಒಂದ್ನಿಮಿಷ ಅಂದರೆ ನಮ್ಮ ಪತ್ರಿಕೆಯ ಫೋಟೋಗ್ರಾಫರ್. ಕ್ಯಾಮೆರಾ ಕಣ್ಣಿಗೆ ಹಿಡಿದ ಮೇಲೆ "ಒಂದ್ನಿಮಿಷ, ಒಂದ್ನಿಮಿಷ" ಎನ್ನುತ್ತಾ ಜನರನ್ನು ಅರ್ಧ ಗಂಟೆ ನಿಲ್ಲಿಸುತ್ತಿದ್ದ ಮನುಷ್ಯ. ನೇಗಿಲು ಹಿಡಿದವರು, ಹಾಲು ಕರೆಯುವವರು, ಕುರಿಯ ಉಣ್ಣೆ ಕತ್ತರಿಸುವವರು ಎಲ್ಲರೂ ಅವರನ್ನು ಹಾಗೇ ಕರೆದು, ಕೊನೆಗೆ ಅದೇ ಅಂಟಿಕೊಂಡಿತು. ನನಗಿಂತ ಎಂಟು ವರ್ಷ ದೊಡ್ಡವರು. ನಾನು ಅಣ್ಣ ಎನ್ನುತ್ತಿದ್ದೆ. ಅವರು ಮಾತ್ರ, ಇಪ್ಪತ್ತೈದರ ಹುಡುಗಿಯಾಗಿ ನಾನು ಕಚೇರಿಯ ಮೆಟ್ಟಿಲು ಹತ್ತಿದ ದಿನದಿಂದಲೂ ನನ್ನನ್ನು ರಿಪೋರ್ಟರಮ್ಮ ಎಂದೇ ಕರೆದರು.

ಪತ್ರದ ಕೊನೆಯಲ್ಲಿ ಎರಡು ಕೋರಿಕೆಗಳಿದ್ದವು. ಸಮಾರಂಭದ ದಿನ ಪ್ರದರ್ಶನಕ್ಕಿಡಲು ಇಪ್ಪತ್ತು ಫೋಟೋ ಆರಿಸಿಕೊಡಬೇಕು. ‘ಎಂಟು ತಿಂಗಳ ಈರುಳ್ಳಿ’ ಎಂಬ ನಮ್ಮ ಹಳೆಯ ಲೇಖನವನ್ನು ಸ್ಮರಣ ಸಂಚಿಕೆಯಲ್ಲಿ ಮತ್ತೆ ಅಚ್ಚು ಹಾಕಲು ಒಪ್ಪಿಗೆ ಕೊಡಬೇಕು. ‘ಇಂದಿಗೂ ಹೊಸ ಪತ್ರಕರ್ತರಿಗೆ ಮಾದರಿಯೆಂದು ತೋರಿಸುವ ಬರಹ’ ಎಂದು ಬರೆದಿದ್ದರು. ಸುಳ್ಳೇಕೆ ಹೇಳಲಿ, ಆ ಸಾಲನ್ನು ಮೂರು ಸಲ ಓದಿದೆ.

ಮರುದಿನ ಬೆಳಿಗ್ಗೆಯೇ ಅಣ್ಣನ ಮನೆಗೆ ಹೊರಟೆ. ಬಸ್ಸು ನಮ್ಮ ಹಳೆಯ ಕಚೇರಿಯಿದ್ದ ಬೀದಿಯನ್ನು ಹಾದುಹೋಗುತ್ತದೆ. ಕೆಳಗೆ ಪಂಪು ರಿಪೇರಿ ಅಂಗಡಿ, ಮೇಲೆ ನಮ್ಮ ಮೂರು ಕೋಣೆ. ಅಂಗಡಿಯವರು ಸುಟ್ಟ ಮೋಟಾರು ಬಿಚ್ಚಿದ ದಿನ ನಮ್ಮ ಲೇಖನಗಳಿಗೆಲ್ಲ ವಾರ್ನಿಷ್ ವಾಸನೆ. ರೋಗ ಬಿದ್ದ ಎಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ರೈತರು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು, ಆಸ್ಪತ್ರೆಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾಯುವವರ ಹಾಗೆ. ಓದುಗರ ಕಾರ್ಡುಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಅವನ್ನು ವಿಂಗಡಿಸುವುದು ನನ್ನ ಪಾಲಿನ ಕೆಲಸ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅಣ್ಣನ ಕತ್ತಲೆಕೋಣೆ. ಹೊರಗೆ ಕೆಂಪು ದೀಪ ಹತ್ತಿತೆಂದರೆ ಸಂಪಾದಕರಿಗೂ ಪ್ರವೇಶವಿಲ್ಲ. ಸಂಪಾದಕರು ಹೊರಗೆ ನಿಂತು ಬಾಗಿಲು ಬಡಿದರೆ ಒಳಗಿನಿಂದ ಬರುವ ಉತ್ತರ ಒಂದೇ. ಅದೇನೆಂದು ಹೇಳಬೇಕಿಲ್ಲ.

ತಿಂಗಳಲ್ಲಿ ಹತ್ತು ದಿನ ನಾವಿಬ್ಬರೂ ಹಳ್ಳಿ ಸುತ್ತುತ್ತಿದ್ದೆವು. ಮೊದಲ ಬಸ್ಸು, ಹಿಂದಿನ ಸೀಟು. ಬೇಸಿಗೆಯಲ್ಲಿ ರೀಲುಗಳು ಬಿಸಿಯಾಗಬಾರದೆಂದು ಅಣ್ಣ ಅವನ್ನು ಊಟದ ಡಬ್ಬಿಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತುತ್ತಿದ್ದರು. ಒಮ್ಮೆ ಕಂಡಕ್ಟರು, "ಏನ್ರೀ ಅದು, ಒಬ್ಬರೇ ತಿಂತೀರಾ?" ಎಂದು ಕೇಳಿದ್ದಕ್ಕೆ, "ಅರಗಲ್ಲ ನಿಮಗೆ" ಎಂದಿದ್ದರು. ಬಸ್ಸಿಳಿದ ಮೇಲೆ ನಡಿಗೆ. ನಾನು ಮಾತಿನವರನ್ನು ಹುಡುಕುತ್ತಿದ್ದೆ, ಅವರು ಬೆಳಕನ್ನು ಹುಡುಕುತ್ತಿದ್ದರು. ಸಂಜೆ ಬಸ್ಸಿನ ಹೊತ್ತಿಗೆ ಇಬ್ಬರೂ ಎಲ್ಲೋ ಒಂದು ಕಡೆ ಕೂಡುತ್ತಿದ್ದೆವು.

ಆ ದಿನಗಳನ್ನೇ ಮೆಲುಕು ಹಾಕುತ್ತಾ ಹೋದವಳಿಗೆ ಬಾಗಿಲು ತೆರೆದದ್ದು ಅತ್ತಿಗೆ. "ಬಾಮ್ಮ. ನಿನ್ನೆಯಿಂದ ಡಬ್ಬಿ ಕೆಳಗಿಳಿಸ್ಕೊಂಡು ಕೂತಿದಾರೆ. ಮನೇಲಿ ಕಾಲಿಡೋಕೆ ಜಾಗ ಇಲ್ಲ" ಎಂದರು. ನಿಜವೇ. ಕೋಣೆಯ ತುಂಬ ಚಪ್ಪಲಿ ಡಬ್ಬಿಗಳು, ಮೇಲೆ ಅಣ್ಣನ ಅಕ್ಷರದಲ್ಲಿ ಚೀಟಿ: ಜೋಳ, ಮೆಣಸಿನಕಾಯಿ, ಜೇನು, ಬಾವಿ, ಎಮ್ಮೆ.

"ಇಸವಿ ಹಾಕಿಲ್ವಲ್ಲ ಅಣ್ಣ?"

"ಇಸವಿ ಯಾರಿಗೆ ನೆನಪಿರುತ್ತೆ ರಿಪೋರ್ಟರಮ್ಮ? ಬೆಳೆ ನೆನಪಿರುತ್ತೆ."

ಈಗ ಅವರಿಗೆ ಎಡಗಿವಿ ಅಷ್ಟಾಗಿ ಕೇಳುವುದಿಲ್ಲ. ಬಲಗಡೆ ಕುಳಿತು ಮಾತಾಡಬೇಕು. ಪ್ರಶಸ್ತಿಯ ವಿಷಯ ಎತ್ತಿದರೆ, "ಹೂಂ, ಬಂದಿದೆ" ಎಂದರಷ್ಟೆ. ಈರುಳ್ಳಿ ಡಬ್ಬಿಯಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ಒಂದು ರೀಲಿನ ಮೂವತ್ತಾರು ಚಿತ್ರಗಳೂ ಅಂಚೆಚೀಟಿಯಷ್ಟು ಗಾತ್ರದಲ್ಲಿ ಸಾಲಾಗಿ ಮೂಡಿದ ಹಾಳೆ. ಜೊತೆಗೆ ಭೂತಗನ್ನಡಿ.

ನನಗೆ ಗೊತ್ತಿದ್ದದ್ದು ಅದರಲ್ಲಿ ಒಂದೇ ಚಿತ್ರ, ಮುಖಪುಟಕ್ಕೆ ಬಂದದ್ದು: ಇಸ್ತ್ರಿ ಮಾಡಿದ ಅಂಗಿ ತೊಟ್ಟ ರೈತ, ಜಡೆ ಹೆಣೆದ ಈರುಳ್ಳಿ ಗೊಂಚಲನ್ನು ಎತ್ತಿಹಿಡಿದು ನಗುತ್ತಿರುವುದು. ಅದು ಕೊನೆಯ ಸಾಲಿನಲ್ಲಿತ್ತು. ಅದರಂಥವು ಒಟ್ಟು ಐದು. ಉಳಿದ ಮೂವತ್ತೊಂದರಲ್ಲೂ ಒಬ್ಬ ಹೆಂಗಸಿದ್ದಳು. ಏಣಿಯ ಮೇಲೆ, ಅಟ್ಟದ ಕತ್ತಲಲ್ಲಿ ಒಂದೊಂದೇ ಗಡ್ಡೆಯನ್ನು ಒತ್ತಿ ನೋಡುತ್ತ. ಪಾತಿಯಲ್ಲಿ ಮಂಡಿಯೂರಿ. ಆಮೇಲೆ ಹನ್ನೆರಡು ಚಿತ್ರ ಸೊಳ್ಳೆಪರದೆಯೊಳಗೆ: ನಾಲ್ಕು ಕೋಲಿಗೆ ಕಟ್ಟಿದ ಹಳೆಯ ಪರದೆ, ಒಳಗೆ ಬಿಳಿ ಚೆಂಡಿನಂಥ ಈರುಳ್ಳಿ ಹೂವುಗಳು, ನಡುವೆ ಆಕೆ ಎರಡೂ ಅಂಗೈಯನ್ನು ಹೂವಿಂದ ಹೂವಿಗೆ ಮೆಲ್ಲನೆ ಸವರುತ್ತ. ಪಕ್ಕದ ಹೊಲದ ಈರುಳ್ಳಿಯ ಪರಾಗ ಬೆರೆತರೆ ತಳಿ ಕೆಡುತ್ತದೆ. ಹಾಗಾಗಿ ಪರದೆ ಕಟ್ಟುವುದು. ಪರದೆ ಕಟ್ಟಿದ ಮೇಲೆ ಜೇನೂ ಒಳಗೆ ಬರುವುದಿಲ್ಲವಾದ್ದರಿಂದ ಜೇನಿನ ಕೆಲಸವನ್ನು ಕೈಯಲ್ಲಿ ಮಾಡುವುದು. ಇದನ್ನೆಲ್ಲ ನಾನೇ ಬರೆದಿದ್ದೆ. ಆದರೆ ನನ್ನ ಲೇಖನದಲ್ಲಿ ಆ ಕೈ ಗಂಡಸಿನದು.

"ಅಣ್ಣ, ಇದು ಯಾರು?"

"ಯಾರು ಅಂದ್ರೆ? ಈರುಳ್ಳಿ ಮಾಡಿದೋರು."

"ಮಾಡಿದ್ದು ಅವರ ಯಜಮಾನರಲ್ವಾ?"

ಅಣ್ಣ ಟೀ ಲೋಟ ಕೆಳಗಿಟ್ಟರು. "ಅದು ನೀನು ಬರೆದಿದ್ದು. ನಾನು ಕಂಡಿದ್ದು ಇದು. ಆವತ್ತು ಬಸ್ಸಲ್ಲೇ ಹೇಳ್ದೆ ನಿನಗೆ, ಆಯಮ್ಮನ್ನ ಕೂರಿಸ್ಕೊಂಡು ಕೇಳ್ಬೇಕಿತ್ತು ಅಂತ. ಅದಕ್ಕೆ ನೀನು, ಕೇಳಿದೆ ಅಣ್ಣ, ಅವರು ಮಾತೇ ಆಡಲ್ಲ ಅಂದೆ. ನಾನು ಪರದೆ ಫೋಟೋನೇ ಕೊಟ್ಟೆ ಸಂಪಾದಕರಿಗೆ. ಮುಖ ಸರಿಯಾಗಿ ಕಾಣಲ್ಲ ಅಂತ ವಾಪಸ್ ಕೊಟ್ರು. ನಾನೂ ಜಗಳ ಆಡ್ಲಿಲ್ಲ ಬಿಡು."

ನನಗೆ ಆ ದಿನ ನೆನಪಿಗೆ ಬಂತು. ತಂಪಾದ ಜಗಲಿ. ಆ ಮನುಷ್ಯ ಮಾತುಗಾರ. ಒಂದೊಂದು ವಾಕ್ಯವೂ ನೇರವಾಗಿ ಅಚ್ಚಿಗೆ ಹೋಗುವಂಥದ್ದು. ಹದಿನಾಲ್ಕು ಪುಟ ಬರೆದುಕೊಂಡೆ. ಹೊಸ ಚಪ್ಪಲಿ ಕಚ್ಚಿ ಕಾಲಲ್ಲಿ ಬೊಬ್ಬೆ ಎದ್ದಿತ್ತು, ಪಾತಿಯ ತನಕ ನಡೆಯಲು ಮನಸ್ಸಾಗಲಿಲ್ಲ. ಹೆಂಡತಿ ನೀರು ತಂದುಕೊಟ್ಟಾಗ, "ನೀವೂ ಸಹಾಯ ಮಾಡ್ತೀರಾ?" ಎಂದು ಕೇಳಿದ್ದೆ. ಆಕೆ ನನ್ನ ಮುಖ ನೋಡಿ, ಸಣ್ಣಗೆ ನಕ್ಕು, ಖಾಲಿ ಲೋಟ ತೆಗೆದುಕೊಂಡು ಹೋದರು. ಲೇಖನದಲ್ಲಿ ಅವರ ಪಾಲಿಗೆ ಬಂದದ್ದು ಎರಡೇ ಪದ: ‘ಪತ್ನಿಯೂ ಕೈಜೋಡಿಸುತ್ತಾರೆ.’

ಅತ್ತಿಗೆ ಬಾಗಿಲಿಗೆ ಒರಗಿ ಎಲ್ಲ ಕೇಳುತ್ತಿದ್ದರು. "ಎಂಟು ತಿಂಗಳಾದ್ರೂ ಕೊಳೀದೆ, ಮೊಳಕೆ ಬರದೆ ಉಳಿದ ಗಡ್ಡೆಯನ್ನೇ ಬೀಜಕ್ಕೆ ಇಡೋದು ಅಂತ ಬರೆದಿದ್ದೆ ಅಲ್ವಾ? ಓದಿದಾಗಲೇ ಅನ್ಕೊಂಡೆ. ದಿನಾ ಅಟ್ಟ ಹತ್ತಿ ಈರುಳ್ಳಿ ತೆಗೆಯೋರು ಯಾರು? ಯಾವ್ದು ಉಳೀತು ಯಾವ್ದು ಕೊಳೀತು ಅಂತ ಗಂಡಸಿಗೆ ಹೇಗೆ ಗೊತ್ತಾಗುತ್ತೆ?"

"ಆಗಲೇ ಹೇಳ್ಬಾರದಿತ್ತಾ ಅತ್ತಿಗೆ?"

"ನನ್ನ ಯಾರು ಕೇಳಿದ್ರು?"

ಇಡೀ ಕಚೇರಿಯಲ್ಲಿ ಹೆಂಗಸೆಂದರೆ ಆಗ ನಾನೊಬ್ಬಳೇ. ಹಾಗಿದ್ದೂ ನನಗೆ ಹೊಳೆದಿರಲಿಲ್ಲ. ಮಾದರಿ ಬರಹವಂತೆ.

"ಹೋಗಿ ಬರೋಣ್ವಾ ಅಣ್ಣ?" ಎಂದೆ.

ಗುರುವಾರ ಮೊದಲ ಬಸ್ಸಿಗೆ ಹೊರಟೆವು. ಅಣ್ಣನ ಹೆಗಲಲ್ಲಿ ಹಳೆಯ ಕ್ಯಾಮೆರಾ ಚೀಲವಿತ್ತು. ಒಳಗೆ ಕ್ಯಾಮೆರಾ ಇರಲಿಲ್ಲ. ಮಾತ್ರೆ, ಛತ್ರಿ, ಎರಡು ಬಾಳೆಹಣ್ಣು. "ಹೆಗಲು ಖಾಲಿ ಇದ್ರೆ ನಡಿಗೆ ಬರಲ್ಲ ನನಗೆ" ಎಂದರು. ಹಿಂದಿನ ಸೀಟಿನಲ್ಲಿ ಈಗ ಸೊಂಟ ತಡೆಯುವುದಿಲ್ಲ ಎಂದು ಮುಂದೆ ಕುಳಿತೆವು. ಒಂದು ತಿರುವಿನಲ್ಲಿ ಅವರು ಕಿಟಕಿಯಾಚೆ ಬೆರಳು ತೋರಿಸಿ, "ಇಲ್ಲಿ ಬಸ್ ಕೆಟ್ಟು ನಿಂತಿತ್ತು. ನೀನು ಜೋಳದ ಹೊಲದ ಬದುವಲ್ಲಿ ಕೂತು ಮಿಡತೆ ಲೇಖನ ಬರೆದು ಮುಗಿಸಿದ್ದೆ" ಎಂದರು. ಆ ಹೊಲದಲ್ಲಿ ಈಗ ಸಾಲು ಮನೆಗಳು. ಆದರೂ ಇಬ್ಬರೂ ಕುತ್ತಿಗೆ ತಿರುಗಿಸಿ, ಕಾಣುವಷ್ಟು ದೂರ ನೋಡಿದೆವು.

ಊರಿನಲ್ಲಿ ದಾರಿ ಕೇಳುವ ಕಷ್ಟವಾಗಲಿಲ್ಲ. ಈರುಳ್ಳಿ ಮನೆ ಎಂದರೆ ಎಲ್ಲರಿಗೂ ಗೊತ್ತು. ಆಕೆ ಚಪ್ಪರದಡಿ ಮಣೆಯ ಮೇಲೆ ಕುಳಿತು ಗಡ್ಡೆ ವಿಂಗಡಿಸುತ್ತಿದ್ದರು. ಕೂದಲು ಪೂರ್ತಿ ನೆರೆತಿತ್ತು, ಕೈ ಮಾತ್ರ ಫೋಟೋದಲ್ಲಿದ್ದ ಕೈಯೇ. ನನ್ನ ಗುರುತು ಸಿಗಲಿಲ್ಲ. ಅಣ್ಣನನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಪರದೆ ಒಳಗೆ ನುಗ್ಗಿ ನನ್ನ ನಾಲ್ಕು ಹೂ ಮುರಿದೋರು ನೀವಲ್ವಾ?"

"ಮೂರು" ಎಂದರು ಅಣ್ಣ.

"ನಾಲ್ಕು. ನಾಲ್ಕನೇದನ್ನ ಜೇಬಲ್ಲಿ ಹಾಕ್ಕೊಂಡ್ರಿ."

ಅಣ್ಣ ಅಂಗಿಯ ಜೇಬು ಮುಟ್ಟಿಕೊಂಡರು. ಮೂವತ್ತೆಂಟು ವರ್ಷದಲ್ಲಿ ಅವರು ಸೋಲೊಪ್ಪಿದ್ದು ನಾನು ಕಂಡದ್ದು ಅದೊಂದೇ ಸಲ.

ಸೊಸೆ ಕುರ್ಚಿ ತಂದಿಟ್ಟಳು. ಒಳಗಿನ ಗೋಡೆಯ ಮೇಲೆ ನಮ್ಮ ಪತ್ರಿಕೆಯ ಮುಖಪುಟ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಇದ್ದಷ್ಟು ದಿನ ಬಂದವರಿಗೆಲ್ಲ ಅದನ್ನು ತೋರಿಸದೆ ಕಳಿಸುತ್ತಿರಲಿಲ್ಲವಂತೆ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ನಾನು ಒಪ್ಪಿಸಿದೆ. ನಿಮ್ಮ ಕೆಲಸವನ್ನು ಬೇರೆಯವರದು ಎಂದು ಬರೆದೆ, ಎದ್ದು ಬಂದು ನೋಡಲಿಲ್ಲ, ತಪ್ಪಾಯಿತು, ಈಗ ಅದನ್ನೇ ಮತ್ತೆ ಅಚ್ಚು ಹಾಕುತ್ತಾರಂತೆ ಎಂದೆ. ಆಕೆ ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಅದಿರಲಿ ಬಿಡಿ. ಅವರಿಗೆ ಮಾತು ಬರ್ತಿತ್ತು, ನನಗೆ ಕೆಲಸ ಇತ್ತು. ನೀವು ಕೇಳಿದ್ರಿ, ಅವರು ಹೇಳಿದ್ರು. ಕೆಟ್ಟವರೇನಲ್ಲ ಅವರು." ಒಂದು ಗಡ್ಡೆಯನ್ನು ಒತ್ತಿ ನೋಡಿ ಪಕ್ಕಕ್ಕಿಟ್ಟರು. "ಆದ್ರೆ ಬಿಸಿಲು ಅಂತ ಯಾಕೆ ಬರೆದ್ರಿ?"

ನನಗೆ ಅರ್ಥವಾಗಲಿಲ್ಲ.

"ಕಿತ್ತ ಈರುಳ್ಳಿ ಎರಡು ವಾರ ಬಿಸಿಲಲ್ಲಿ ಒಣಗಿಸಿ ಅಂತ ಬರೆದಿದೀರಿ. ನಾನು ಓದಿಸಿ ಕೇಳಿದೀನಿ. ಎರಡು ವಾರ ಬಿಸಿಲಿಗೆ ಹಾಕಿದ್ರೆ ಬೇಯುತ್ತೆ ಅಷ್ಟೆ. ಎರಡು ದಿನ ಹೊಲದಲ್ಲಿ, ಅದೂ ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆಗೆ ಮರೆ ಆಗೋ ಹಾಗೆ. ಆಮೇಲೆ ಎರಡು ವಾರ ನೆರಳು. ಗಾಳಿ ಆಡ್ಬೇಕು. ಕತ್ತು ಒಣಗ್ಬೇಕು. ಅವರಿಗೆ ಹೊಲದ್ದು ಗೊತ್ತಿತ್ತು, ಒಣಗಿಸೋದು ನನ್ನ ಕೆಲಸ. ಬಾಯಿ ತಪ್ಪಿ ಬಂತು ಅವರಿಗೆ."

ಲೇಖನ ಬಂದ ಮೇಲೆ ಎಲ್ಲೆಲ್ಲಿಂದಲೋ ಜನ ಬೀಜ ತರಿಸಿಕೊಂಡಿದ್ದರಂತೆ. ಅಚ್ಚಾದ ಮಾತನ್ನು ನಂಬಿ ಬಿಸಿಲಿಗೆ ಹಾಕಿದರು. ಮೂರೇ ತಿಂಗಳಿಗೆ ಕೊಳೆಯಿತು. ಎಂಟು ತಿಂಗಳ ಈರುಳ್ಳಿಯಂತೆ, ಬರೀ ಬೊಗಳೆ ಎಂದು ಕಾಗದ ಬರೆದರು. ಯಜಮಾನರು ನೊಂದುಕೊಂಡು ಬೀಜ ಕಳಿಸುವುದನ್ನೇ ಬಿಟ್ಟರು. ಕೊನೆಗೆ ಆ ತಳಿ ಉಳಿದದ್ದು ಆ ಮನೆಯಲ್ಲಿ ಮತ್ತು ನೆರೆಯ ಎರಡು ಮನೆಗಳಲ್ಲಿ ಮಾತ್ರ.

"ಎರಡು ಕಾರ್ಡು ಹಾಕಿಸಿದೆ ನಿಮ್ಮ ಪತ್ರಿಕೆಗೆ. ಬಿಸಿಲಲ್ಲ, ನೆರಳು, ಸರಿಮಾಡಿ ಅಂತ. ಉತ್ತರ ಬರ್ಲಿಲ್ಲ."

ಕಾರ್ಡು ವಿಂಗಡಿಸುತ್ತಿದ್ದವಳು ನಾನು. ಎಷ್ಟು ತಡಕಿದರೂ ಅಂಥದ್ದೊಂದು ಕಾರ್ಡು ನನ್ನ ನೆನಪಿಗೆ ಬರಲಿಲ್ಲ. ಗೋಣಿಚೀಲ ನೆನಪಿದೆ, ಅದರ ಹಗ್ಗ ನೆನಪಿದೆ, ಕಾರ್ಡುಗಳ ಮೇಲೆ ಬಿದ್ದ ಟೀ ಲೋಟದ ಗುರುತು ನೆನಪಿದೆ. ಆ ಎರಡು ಕಾರ್ಡು ಇಲ್ಲ. ನನ್ನ ಮುಖ ಹೇಗಾಯಿತೋ, ಆಕೆ ನೀರು ತರಲು ಸೊಸೆಗೆ ಹೇಳಿದರು.

"ಮತ್ತೆ ಅಚ್ಚು ಹಾಕ್ತಾರೆ ಅಂದ್ರಲ್ಲ. ಹಾಗಾದ್ರೆ ಬರ್ಕೊಳ್ಳಿ ಈಗ" ಎಂದರು.

ಬರೆದುಕೊಂಡೆ. ಕುಳಿತು ಹೇಳುವವರಲ್ಲ ಆಕೆ. ಹಿಂದೆ ಹಿಂದೆ ಹೋಗಬೇಕಾಯಿತು. ಅರುವತ್ತಮೂರನೇ ವಯಸ್ಸಿನಲ್ಲಿ ಏಣಿ ಹತ್ತಿ ಅಟ್ಟದಲ್ಲಿ ಬಗ್ಗಿ ಕುಳಿತೆ. "ಮೂಗು ಮೊದ್ಲು ಹೇಳುತ್ತೆ, ಆಮೇಲೆ ಕೈ, ಕಣ್ಣಿಗೆ ಕೊನೇಲಿ ಗೊತ್ತಾಗೋದು" ಎಂದು ಆಕೆ ಒಂದು ಗಡ್ಡೆ ಕೊಟ್ಟರು. ಮೂಸಿ ನೋಡಿದೆ. ಏನೂ ತಿಳಿಯಲಿಲ್ಲ. ಆಕೆ ನಕ್ಕರು. ಪಾತಿಯ ಹತ್ತಿರ ಹೋದಾಗ ಪರದೆಯ ಕೋಲುಗಳು ಅದೇ ಅಂತರದಲ್ಲಿ ಇದ್ದವು. ಅಣ್ಣ ನನಗಿಂತ ಮುಂದೆ ಹೋಗಿ, ಒಂದು ಕಣ್ಣು ಮುಚ್ಚಿ, ಅಲ್ಲಿಂದಿಲ್ಲಿಗೆ ಸರಿಯುತ್ತಾ ನಿಂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ.

ಕೊನೆಯ ಬಸ್ಸಿಗೆ ಹೊರಡುವ ಮುಂಚೆ ಕೇಳಿದೆ: "ಆವತ್ತು ನೀವೂ ಸಹಾಯ ಮಾಡ್ತೀರಾ ಅಂತ ಕೇಳಿದಾಗ ಯಾಕೆ ಏನೂ ಹೇಳ್ಲಿಲ್ಲ?"

"ಕೇಳಿದ ರೀತಿ ನೋಡಿ ನಗು ಬಂತು. ನಿಮ್ಮದೂ ಚಿಕ್ಕ ವಯಸ್ಸು" ಎಂದರು. ಬೇಜಾರಿನಿಂದೇನೂ ಅಲ್ಲ.

ವಾಪಸಾದ ಮೇಲೆ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಲೇಖನದಲ್ಲಿ ಎರಡು ತಪ್ಪುಗಳಿವೆ, ತಿದ್ದುಪಡಿ ಇಲ್ಲದೆ ಅಚ್ಚು ಹಾಕುವಂತಿಲ್ಲ ಎಂದೆ. ಅವರು ತಬ್ಬಿಬ್ಬಾದರು.

"ಮೇಡಂ, ಮಾದರಿ ಲೇಖನ ಅಂತ ನಾವೇ ಹೇಳಿ, ನಾವೇ ತಪ್ಪಿದೆ ಅಂದ್ರೆ ಹೇಗೆ? ಚಿಕ್ಕದಾಗಿ ಒಳಗೊಳಗೇ ತಿದ್ದಿಬಿಡೋಣ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗ್ಬೇಕು. ಅದಕ್ಕೇ ಹೇಳ್ತಾ ಇರೋದು. ಬಿಸಿಲಿಗೆ ಹಾಕಿ ಕೆಡಿಸ್ಕೊಂಡೋರು ಇನ್ನೂ ಬದುಕಿದಾರೆ."

ಎರಡು ದಿನ ಯೋಚಿಸಿ ಒಪ್ಪಿದರು. ಹಳೆಯ ಲೇಖನ ಇದ್ದ ಹಾಗೇ ಎಡಪುಟದಲ್ಲಿ, ಬಲಪುಟದಲ್ಲಿ ನನ್ನ ತಿದ್ದುಪಡಿ.

ಸಮಾರಂಭದ ದಿನ ಸಭಾಂಗಣದ ಬಾಗಿಲಲ್ಲೇ ಪರದೆಯ ಚಿತ್ರವಿತ್ತು, ಆಳೆತ್ತರಕ್ಕೆ. ಅಣ್ಣ ತಾವೇ ಮುಂದೆ ನಿಂತು, ಕಪ್ಪು ಸಾಲದು ಎಂದು ಮೂರು ಸಲ ವಾಪಸು ಕಳಿಸಿ ಮಾಡಿಸಿದ್ದು. ಅಷ್ಟು ದೊಡ್ಡದಾಗಿ ನೋಡಿದಾಗ, ಸಂಪಾದಕರು ಕಾಣುವುದಿಲ್ಲ ಎಂದಿದ್ದ ಮುಖ ಪರದೆಯ ಎಳೆಗಳ ಹಿಂದೆ ಚೆನ್ನಾಗಿಯೇ ಕಾಣುತ್ತಿತ್ತು. ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ ಹಿಡಿದು, ಪಕ್ಕದಲ್ಲೊಬ್ಬ ಮನುಷ್ಯ ಕ್ಯಾಮೆರಾ ಹಿಡಿದು ನಿಂತದ್ದರ ಪರಿವೆಯೇ ಇಲ್ಲದ ಮುಖ.

ಆಕೆ ಸೊಸೆಯ ಜೊತೆ ಬಂದಿದ್ದರು. ಒಳಗೆ ಕುರ್ಚಿ ಕಾದಿರಿಸಿದ್ದರೂ ಹೋಗಲಿಲ್ಲ. ಬಾಗಿಲ ಹತ್ತಿರವೇ ನಿಂತು ಚಿತ್ರ ನೋಡಿದರು. ಬರುವವರು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ತುಂಬ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ಆಗ ಕೈ ಎಷ್ಟು ಬೇಗ ಓಡ್ತಿತ್ತು" ಎಂದರು.

ಆಕೆ ಅಣ್ಣನ ಎಡಗಿವಿಯ ಕಡೆ ನಿಂತಿದ್ದರಿಂದ ಅಣ್ಣನಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ನಾನೇ ಹೇಳಿದೆ. ಅವರು ಚಿತ್ರದ ಕೈಯನ್ನೂ ಆಕೆಯ ಈಗಿನ ಕೈಯನ್ನೂ ನೋಡಿ, ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಳ್ಳತೊಡಗಿದರು.

ವೇದಿಕೆಯ ಮೇಲೆ ನಾನು ಭಾಷಣ ಮಾಡಲಿಲ್ಲ. ತಿದ್ದುಪಡಿ ಓದಿದೆ. ಈ ತಳಿಯನ್ನು ಆಯ್ದು ಬೆಳೆಸಿದವರು ಯಾರು, ನಾನು ಯಾರೆಂದು ಬರೆದೆ, ಯಾಕೆ ಹಾಗೆ ಬರೆದೆ. ಬಿಸಿಲು ಎಂದು ಅಚ್ಚಾದಲ್ಲಿ ನೆರಳು ಎಂದು ಓದಿಕೊಳ್ಳಬೇಕು. ಸರಿಪಡಿಸಿ ಎಂದು ಬಂದ ಎರಡು ಕಾರ್ಡುಗಳನ್ನು ನಾನು ಕಳೆದುಹಾಕಿದೆ. ಒಟ್ಟು ಒಂಬತ್ತು ವಾಕ್ಯ. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನ ಅಕ್ಕಪಕ್ಕ ನೋಡಿಕೊಂಡರು. ಅಣ್ಣನ ಸರದಿ ಬಂದಾಗ, "ನಾನು ಹೇಳೋದೆಲ್ಲ ಬಾಗಿಲಲ್ಲಿದೆ" ಎಂದಷ್ಟೇ ಹೇಳಿ ಕುಳಿತರು. ಆಗ ಎಲ್ಲರೂ ತಟ್ಟಿದರು.

ಆಮೇಲೆ ನಾಲ್ಕೈದು ಮಂದಿ ಯುವ ವರದಿಗಾರರು ಆಕೆಯನ್ನು ಸುತ್ತುವರಿದರು. ನೆಲದ ಮೇಲೆ ಕುಳಿತು ಕೇಳುವಂತೆ ಆಕೆಯೇ ಹೇಳಿದ್ದಿರಬೇಕು. ನಾನು ಟೀ ಕುಡಿದು ಬರುವಷ್ಟರಲ್ಲಿ ಎಲ್ಲರೂ ಕೆಳಗೆ ಕುಳಿತಿದ್ದರು, ಒಬ್ಬಳ ಕೈಯಲ್ಲಿ ಗಡ್ಡೆಯಿತ್ತು, ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

ಆ ವರ್ಷ ಹನ್ನೊಂದು ಊರುಗಳಿಗೆ ಬೀಜ ಹೋಯಿತಂತೆ. ಸೊಸೆ ಫೋನ್ ಮಾಡಿದಾಗಲೆಲ್ಲ ಯಾವ ಊರು ಎಂದು ಹೇಳುತ್ತಾಳೆ.

ನಾನೀಗ ವಾರಕ್ಕೆರಡು ದಿನ ಅಣ್ಣನ ಮನೆಗೆ ಹೋಗುತ್ತೇನೆ. ನನ್ನ ಬಳಿ ಪತ್ರಿಕೆಯ ಹಳೆಯ ಸಂಪುಟಗಳಿವೆ, ಅವರ ಬಳಿ ಡಬ್ಬಿಗಳು. ನಾನು ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ, ಅವರು ಹಾಳೆಯ ಮೇಲೆ ಭೂತಗನ್ನಡಿ ಹಿಡಿದು, "ಹೂಂ, ಸರಿ" ಅಥವಾ "ತಡಿ, ಇಲ್ಲಿ ಇನ್ನೊಬ್ಬರಿದಾರೆ" ಎನ್ನುತ್ತಾರೆ. ಅತ್ತಿಗೆ ಕಾಳು ಆರಿಸುತ್ತಾ ಪಕ್ಕದಲ್ಲಿ ಕೂರುತ್ತಾರೆ, ನಡುನಡುವೆ ತಪ್ಪು ಹಿಡಿಯುತ್ತಾರೆ. ಇಲ್ಲಿಯವರೆಗೆ ಏಳು ಸಿಕ್ಕಿವೆ. ಮೂರು ಮನೆಗೆ ಹೋಗಿ ಬಂದಿದ್ದೇವೆ. ಒಂದು ಮನೆಯಲ್ಲಿ ಬಯ್ದು ಕಳಿಸಿದರು, ಒಂದರಲ್ಲಿ ಯಾರಿಗೂ ಏನೂ ನೆನಪಿರಲಿಲ್ಲ, ಇನ್ನೊಂದರಲ್ಲಿ ಊಟ ಹಾಕಿದರು.

ನಿನ್ನೆ ಮಧ್ಯಾಹ್ನ ಹುರುಳಿ ಲೇಖನ ಓದುತ್ತಿದ್ದಾಗ ಅಣ್ಣ ಭೂತಗನ್ನಡಿ ಹಿಡಿದಂತೆಯೇ ನಿದ್ದೆ ಹೋದರು. ಅತ್ತಿಗೆ ಎದ್ದು ಬಂದು ಅದನ್ನು ಮೆಲ್ಲನೆ ಬಿಡಿಸಿ, ತಾವೇ ಹಾಳೆಯ ಮೇಲೆ ಬಗ್ಗಿದರು. "ಓದು, ನಾನು ನೋಡ್ತೀನಿ" ಎಂದರು. ನಾನು ದನಿ ತಗ್ಗಿಸಿ ಓದುವುದನ್ನು ಮುಂದುವರಿಸಿದೆ.